ಮೆಮೊರಿ ಸಾಲದೆಂಬ ದೂರು: ನರಸಾಪುರದ ಕಚೇರಿಗಳಿಗೆ ಬಂದ ಹಳೆಯ ಬಳುವಳಿ

ಕೋಲಾರ ತಾಲ್ಲೂಕಿನ ನರಸಾಪುರವು ಕೈಗಾರಿಕಾ ಪ್ರದೇಶವೆಂದು ಹೆಸರಾದದ್ದು ಇಪ್ಪತ್ತೊಂದನೆಯ ಶತಮಾನದ ಎರಡನೆಯ ದಶಕದಲ್ಲಿ. ಹೊಸಕೋಟೆಗೂ ಕೋಲಾರಕ್ಕೂ ನಡುವೆ, ಹಿಂದೆ 4ನೆಯ ಸಂಖ್ಯೆಯದಾಗಿದ್ದು ಈಗ 75ನೆಯ ಸಂಖ್ಯೆಯದಾಗಿರುವ ರಾಷ್ಟ್ರೀಯ ಹೆದ್ದಾರಿಯ ಮಗ್ಗುಲಿಗೆ, ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಬಡಾವಣೆಯಲ್ಲಿ 2013ರಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ವಿಮಾನದ ಬಿಡಿಭಾಗ ತಯಾರಿಸುವ ಮಹೀಂದ್ರಾ ಏರೋಸ್ಪೇಸ್, ಬಸ್ಸು ಕಟ್ಟುವ ಸ್ಕ್ಯಾನಿಯಾ ಅದರ ಆಸುಪಾಸಿನ ವರ್ಷಗಳಲ್ಲಿ ಬಂದವು. 2020ರಲ್ಲಿ ಐಫೋನ್ ಜೋಡಿಸುವ ವಿಸ್ಟ್ರಾನ್ ಘಟಕ ತೆರೆದು, 2023ರಲ್ಲಿ ಅದು ಟಾಟಾ ಸಮೂಹದ ಪಾಲಾಯಿತು. ಈ ಪ್ರದೇಶದ ಕುರಿತ ಚರ್ಚೆ ಬಹುಮಟ್ಟಿಗೆ ಜಮೀನು, ನೀರು, ಕೂಲಿ ಮತ್ತು 2020ರ ಡಿಸೆಂಬರಿನ ಕಾರ್ಮಿಕ ಪ್ರಕ್ಷೋಭೆಯ ಸುತ್ತ ನಡೆದಿದ್ದು, ಅದು ನ್ಯಾಯವೂ ಹೌದು. ಆದರೆ ಯಂತ್ರಶಾಲೆಗೆ ಅಂಟಿಕೊಂಡಿರುವ ಕಚೇರಿಯ ಕೋಣೆಗೂ, ಅಲ್ಲಿ ಖರೀದಿ ಆದೇಶ, ಬಿಡಿಭಾಗದ ನಕ್ಷೆ, ಲಾರಿ ಹೊರಟ ಸುದ್ದಿ ಎಲ್ಲವನ್ನೂ ಹೊತ್ತು ತರುವ ಇ-ಮೇಲ್ ಪ್ರೋಗ್ರಾಂಗೂ ತಮ್ಮದೇ ಆದ ಚರಿತ್ರೆಯಿದೆ. ಅದು ಊರಿನ ಕಾರ್ಖಾನೆಗಳಿಗಿಂತ ಇಪ್ಪತ್ತು ವರ್ಷ ಹಿಂದಿನಿಂದ ಶುರುವಾಗುತ್ತದೆ.

ಆ ಚರಿತ್ರೆಯನ್ನು ಹಿಡಿಯಲು ಒಂದು ಸೂಚನೆ ಸಾಕು. ಮೈಕ್ರೋಸಾಫ್ಟ್ ಕಂಪನಿಯ ಔಟ್‌ಲುಕ್ ಪ್ರೋಗ್ರಾಂನಲ್ಲಿ ಪತ್ರವೊಂದನ್ನು ತೆರೆಯಲು ಹೋದಾಗ, ಮೆಮೊರಿ ಅಥವಾ ಸಿಸ್ಟಂ ಸಂಪನ್ಮೂಲ ಮುಗಿದಿದೆ, ಕೆಲವು ವಿಂಡೋಗಳನ್ನೋ ಪ್ರೋಗ್ರಾಂಗಳನ್ನೋ ಮುಚ್ಚಿ ಮತ್ತೆ ಪ್ರಯತ್ನಿಸಿ ಎಂಬ ಅರ್ಥದ ಇಂಗ್ಲಿಷ್ ಒಕ್ಕಣೆ ಪರದೆಯ ಮೇಲೆ ಬರುತ್ತದೆ. ಮೆಮೊರಿ ಅಥವಾ ರ್‍ಯಾಮ್ ಎಂದರೆ ಗಣಕವು ಕೆಲಸದಲ್ಲಿರುವಾಗ ದತ್ತಾಂಶವನ್ನು ಹಿಡಿದಿಟ್ಟುಕೊಂಡು, ವಿದ್ಯುತ್ ಹೋದೊಡನೆ ಬರಿದಾಗುವ ಭಾಗ. 8 ಗಿಗಾಬೈಟ್ ರ್‍ಯಾಮ್ ಇರುವ ಗಣಕದಲ್ಲಿ ಅದರ ಅರ್ಧಕ್ಕೂ ಹೆಚ್ಚು ಖಾಲಿಯಿರುವಾಗಲೇ ಈ ದೂರು ಬರುತ್ತದೆಂಬುದು ಅದರ ವೈಚಿತ್ರ್ಯ. ಕೆರೆಯಲ್ಲಿ ನೀರಿದ್ದೂ ತೂಬಿನಲ್ಲಿ ಹೂಳು ಕಟ್ಟಿದರೆ ಅಚ್ಚುಕಟ್ಟಿನ ಕೊನೆಯ ಗದ್ದೆಯವನಿಗೆ ಕೆರೆ ಬತ್ತಿದಂತೆಯೇ ಕಾಣುವುದು ಕೋಲಾರದ ರೈತರಿಗೆ ಹೊಸದೇನಲ್ಲ. ಔಟ್‌ಲುಕ್‌ನ ಸೂಚನೆಯೂ ಕೊನೆಯ ಗದ್ದೆಯಿಂದ ಬಂದ ಮಾತು: ಕೆಲಸ ಎಲ್ಲಿ ನಿಂತಿತೆಂಬುದನ್ನು ಅದು ಹೇಳುತ್ತದೆ, ಏಕೆ ನಿಂತಿತೆಂಬುದನ್ನಲ್ಲ. ಅದರ ಹಿಂದಿರುವುದು ಒಂದೇ ದೋಷವೂ ಅಲ್ಲ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಕ್ಕೆ ಹಾಕಿದ ಹಲವು ಮಿತಿಗಳು ಅದೊಂದೇ ಬಾಯಿಂದ ಮಾತನಾಡುತ್ತವೆ.

ಪತ್ರಗಳನ್ನು ತನ್ನ ಗಣಕದಲ್ಲಿಯೇ ಇಳಿಸಿಕೊಂಡು ಇಟ್ಟುಕೊಳ್ಳುವ ರೂಢಿ ಕರ್ನಾಟಕದಲ್ಲಿ ಬೇರೂರಿದ್ದಕ್ಕೆ ದೂರವಾಣಿಯೇ ಮುಖ್ಯ ಕಾರಣ. 1986ರಲ್ಲಿ ಆರಂಭವಾದ ಎರ್ನೆಟ್ ಯೋಜನೆಯು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನೂ ದೇಶದ ಐದು ಐಐಟಿಗಳನ್ನೂ ಒಂದೇ ಜಾಲಕ್ಕೆ ತಂದಿತು. ಅದೇ ದಶಕದಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಸ್ವಂತ ಉಪಗ್ರಹ ಸಂಪರ್ಕ ಪಡೆದು ಅಮೆರಿಕದ ಕಚೇರಿಯೊಡನೆ ವ್ಯವಹರಿಸತೊಡಗಿತು. ಅವೆಲ್ಲ ಕೆಲವೇ ಸಂಸ್ಥೆಗಳ ಸೌಕರ್ಯಗಳಾಗಿದ್ದವು. ಸಾರ್ವಜನಿಕರಿಗೆ ಅಂತರ್ಜಾಲ ತೆರೆದದ್ದು ವಿಎಸ್ಎನ್ಎಲ್ ಸಂಸ್ಥೆ 1995ರ ಆಗಸ್ಟ್ 15ರಂದು ಸೇವೆ ಆರಂಭಿಸಿದ ಮೇಲೆ. ಮೋಡೆಮ್ ಮೂಲಕ ದೂರವಾಣಿ ಕರೆ ಹಚ್ಚಿ, ನಿಮಿಷಗಳ ಲೆಕ್ಕದಲ್ಲಿ ದುಡ್ಡು ತೆತ್ತು ಸಂಪರ್ಕ ಪಡೆಯಬೇಕಾಗಿದ್ದ ಕಾಲದಲ್ಲಿ ಪತ್ರಗಳನ್ನೆಲ್ಲ ಒಮ್ಮೆಲೇ ಇಳಿಸಿಕೊಂಡು, ಕರೆ ಕಡಿದು, ಆಮೇಲೆ ನಿಧಾನವಾಗಿ ಓದಿ ಉತ್ತರ ಬರೆದಿಟ್ಟು, ಮತ್ತೊಮ್ಮೆ ಕರೆ ಹಚ್ಚಿ ಕಳಿಸುವುದೇ ಮಿತವ್ಯಯದ ದಾರಿಯಾಗಿತ್ತು. ಸ್ಟೀವ್ ಡಾರ್ನರ್ 1988ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಬರೆದ ಯುಡೋರಾ, 1997ರಲ್ಲಿ ಬಂದ ಔಟ್‌ಲುಕ್ ಮತ್ತು ಅದೇ ವರ್ಷದ ಔಟ್‌ಲುಕ್ ಎಕ್ಸ್‌ಪ್ರೆಸ್ ಇಂತಹ ಬಳಕೆಗೆ ಹೇಳಿ ಮಾಡಿಸಿದಂತಿದ್ದವು. ಬೆಂಗಳೂರಿನಲ್ಲಿ ಶಾಲೆ ಕಲಿತ ಸಬೀರ್ ಭಾಟಿಯಾ ಸಹಸ್ಥಾಪಕರಾಗಿದ್ದ ಹಾಟ್‌ಮೇಲ್ 1996ರಲ್ಲಿಯೇ ಬ್ರೌಸರಿನಲ್ಲಿ ಪತ್ರ ಓದುವ ದಾರಿ ತೋರಿಸಿತ್ತಾದರೂ, ಅಲ್ಲಿ ಸಿಗುತ್ತಿದ್ದ 2 ಮೆಗಾಬೈಟ್ ಜಾಗದಲ್ಲಿ ಕಾರ್ಖಾನೆಯ ನಾಲ್ಕು ನಕ್ಷೆಗಳೂ ಹಿಡಿಸುತ್ತಿರಲಿಲ್ಲ. 2004ರಲ್ಲಿ ಜಿಮೇಲ್ 1 ಗಿಗಾಬೈಟ್ ಕೊಡುವ ಹೊತ್ತಿಗೆ ಕಚೇರಿಗಳ ರೂಢಿ ಗಟ್ಟಿಯಾಗಿತ್ತು: ಪತ್ರವೆಂದರೆ ಗಣಕದಲ್ಲಿರುವ ಒಂದು ಕಡತ, ಕಡತವೆಂದರೆ ಔಟ್‌ಲುಕ್‌ನ ಪಿಎಸ್‌ಟಿ.

ಮೆಮೊರಿಯ ಸುಳ್ಳು ದೂರಿನ ಅತಿ ಹಳೆಯ ಪದರ ಔಟ್‌ಲುಕ್‌ಗಿಂತಲೂ ಹಿಂದಿನದು. 1992ರ ವಿಂಡೋಸ್ 3.1ರಲ್ಲಿ ಪರದೆಯ ಮೇಲಿನ ವಿಂಡೋ, ಮೆನು, ಚಿತ್ರ, ಅಕ್ಷರರೂಪ ಇತ್ಯಾದಿಗಳ ವಿವರವನ್ನು ಬರೆದಿಡಲು ಕೆಲವು ಚಿಕ್ಕ ಕೋಷ್ಠಗಳಿದ್ದವು. 16 ಬಿಟ್ ವಿಳಾಸದಿಂದ ಎಣಿಸಬಹುದಾದಷ್ಟೇ ಜಾಗ, ಅಂದರೆ ಒಂದೊಂದಕ್ಕೆ 64 ಕಿಲೋಬೈಟ್ ಮಾತ್ರ, ಅವುಗಳಿಗಿತ್ತು. ನಾಲ್ಕು ಮೆಗಾಬೈಟ್ ರ್‍ಯಾಮ್ ಖಾಲಿಯಿದ್ದರೂ ಇವುಗಳಲ್ಲೊಂದು ತುಂಬಿದರೆ ಗಣಕ ಮೆಮೊರಿ ಸಾಲದೆಂದೇ ಹೇಳುತ್ತಿತ್ತು. ವಿಂಡೋಸ್ ಎನ್‌ಟಿ, 2000 ಮತ್ತು ಎಕ್ಸ್‌ಪಿಗಳಲ್ಲಿ ಈ ಕೋಷ್ಠಗಳ ಸ್ಥಾನಕ್ಕೆ ಡೆಸ್ಕ್‌ಟಾಪ್ ಹೀಪ್ ಎಂಬ, ಒಂದು ಲಾಗಿನ್‌ನ ವಿಂಡೋಗಳೆಲ್ಲ ಹಂಚಿಕೊಳ್ಳುವ ಜಾಗ ಬಂದಿತು. ರಿಜಿಸ್ಟ್ರಿ ಎಂಬ ವಿಂಡೋಸ್‌ನ ಒಳಕಡತದಲ್ಲಿ ಅದರ ಅಳತೆಯನ್ನು 1024, 3072, 512 ಎಂಬ ಮೂರು ಸಂಖ್ಯೆಗಳಲ್ಲಿ ಬರೆದಿರುತ್ತಿತ್ತು. ಬಳಕೆದಾರನ ಪರದೆಗೆ ಸಲ್ಲುವುದು ನಡುವಿನ 3072, ಅಂದರೆ 3 ಮೆಗಾಬೈಟ್.

ಈ ಮೂರು ಮೆಗಾಬೈಟಿನ ಖರ್ಚನ್ನು ಔಟ್‌ಲುಕ್‌ನ ಮಟ್ಟಿಗೆ ನೋಡುವುದು ಉಪಯುಕ್ತ. ಪತ್ರವೊಂದನ್ನು ತೆರೆದಾಗ ಕಣ್ಣಿಗೆ ಕಾಣುವುದು ಒಂದೇ ವಿಂಡೋ ಆದರೂ, ಅದರೊಳಗಿನ ಉಪಕರಣ ಪಟ್ಟಿ, ವಿಳಾಸದ ಚೌಕ, ಅಕ್ಷರ ಆಯ್ಕೆಯ ಪಟ್ಟಿ, ಜಾರುಪಟ್ಟಿ ಇವೆಲ್ಲ ವ್ಯವಸ್ಥೆಯ ಲೆಕ್ಕದಲ್ಲಿ ಬೇರೆ ಬೇರೆ ವಿಂಡೋಗಳು. ಖರೀದಿ ವಿಭಾಗದಲ್ಲಿ ಕೂತವರು ಉತ್ತರಿಸಬೇಕಾದ ಪತ್ರಗಳನ್ನು ಮುಚ್ಚದೆ, ಮರೆಯದಿರಲೆಂದು ಕೆಳಗಿನ ಪಟ್ಟಿಗೆ ಇಳಿಸಿಡುವುದು ಸಾಮಾನ್ಯ. ಹೀಗೆ ಇಳಿಸಿಟ್ಟ ಪತ್ರಗಳ ಜೊತೆಗೆ ಎಕ್ಸೆಲ್ ಹಾಳೆಗಳು, ಬ್ರೌಸರು, ಲೆಕ್ಕಪತ್ರದ ಪ್ರೋಗ್ರಾಂ ಸೇರಿದಾಗ 3 ಮೆಗಾಬೈಟು ಮುಗಿದು, ಮುಂದಿನ ಪತ್ರ ತೆರೆಯುವುದಿಲ್ಲ, ಅಥವಾ ಅರ್ಧ ಬಿಡಿಸಿದ ಚಿತ್ರದಂತೆ ಗುಂಡಿಗಳಿಲ್ಲದೆ ತೆರೆಯುತ್ತದೆ. ಕೆಲವು ವಿಂಡೋ ಮುಚ್ಚಿ ಎಂಬ ಸಲಹೆ ಫಲಿಸುವುದು ಈ ಪ್ರಸಂಗದಲ್ಲಿ ಮಾತ್ರ. ನಡುವಿನ ಸಂಖ್ಯೆಯನ್ನು ಹಿಗ್ಗಿಸಿ ಗಣಕವನ್ನು ಮತ್ತೆ ಆರಂಭಿಸುವುದು ಬಲ್ಲವರ ಚಿಕಿತ್ಸೆಯಾಗಿತ್ತು; ಆದರೆ ಇಂತಹ ಹೀಪುಗಳಿಗೆಲ್ಲ ಸೇರಿ ಎಕ್ಸ್‌ಪಿಯಲ್ಲಿ ಸಿಗುತ್ತಿದ್ದುದು 48 ಮೆಗಾಬೈಟ್ ಮಾತ್ರವಾದ್ದರಿಂದ, ಲೆಕ್ಕವಿಲ್ಲದೆ ಹಿಗ್ಗಿಸಿದವರ ಗಣಕದಲ್ಲಿ ಹಿನ್ನೆಲೆಯ ಸೇವೆಗಳು ಏಳದೆ ಹೊಸ ತಾಪತ್ರಯ ಶುರುವಾಗುತ್ತಿತ್ತು. ವಿಸ್ಟಾ ಮತ್ತು ಅನಂತರದ ವಿಂಡೋಸ್‌ಗಳಲ್ಲಿ ಈ ಮಿತಿಯನ್ನು ಹಲವು ಪಟ್ಟು ಏರಿಸಲಾಯಿತು. ಆದರೂ ಒಂದು ಪ್ರೋಗ್ರಾಂ ಸಾಮಾನ್ಯವಾಗಿ 10,000ಕ್ಕಿಂತ ಹೆಚ್ಚು ಚಿತ್ರವಸ್ತುಗಳನ್ನು ಹಿಡಿದಿಟ್ಟುಕೊಳ್ಳಲಾಗದೆಂಬ ಇನ್ನೊಂದು ಮಿತಿ ಹಾಗೆಯೇ ಉಳಿದಿದ್ದು, ತೆಗೆದುಕೊಂಡದ್ದನ್ನು ಹಿಂತಿರುಗಿಸದ ಕೆಟ್ಟ ಉಪಪ್ರೋಗ್ರಾಂ ಒಂದಿದ್ದರೆ ಹೊಸ ಗಣಕದಲ್ಲಿಯೂ ಅದೇ ದೂರು ಮರುಕಳಿಸುತ್ತದೆ.

ಎರಡನೆಯ ಪದರ ಪಿಎಸ್‌ಟಿ ಕಡತದ್ದು. 1997ರಿಂದ 2002ರವರೆಗಿನ ಔಟ್‌ಲುಕ್‌ಗಳಲ್ಲಿ ಈ ಕಡತ 2 ಗಿಗಾಬೈಟ್ ದಾಟುವಂತಿರಲಿಲ್ಲ. ವಿಷಾದದ ಸಂಗತಿಯೆಂದರೆ ಗಡಿ ಸಮೀಪಿಸುತ್ತಿರುವುದನ್ನು ಹಳೆಯ ಆವೃತ್ತಿಗಳು ಮೊದಲೇ ತಿಳಿಸುತ್ತಿರಲಿಲ್ಲ. ಗಡಿ ಮುಟ್ಟಿದ ಮೇಲೆ ಕಡತ ತೆರೆಯದೆ ಹೋಗುವುದು, ಪತ್ರ ಸರಿಸಿದರೆ ದೋಷ ಬರುವುದು, ಕಾರಣವೆಂದು ಮತ್ತೇನನ್ನೋ ಹೇಳುವುದು ನಡೆಯುತ್ತಿತ್ತು. ಇನ್‌ಬಾಕ್ಸ್ ದುರಸ್ತಿಯ ಉಪಕರಣ ಸೋತ ಸಂದರ್ಭಕ್ಕೆಂದು ಕಂಪನಿಯೇ ಒಂದು ಕತ್ತರಿ ಉಪಕರಣವನ್ನು ಕೊಟ್ಟಿತ್ತು. ಅದು ಕಡತದ ಬಾಲವನ್ನು ಕತ್ತರಿಸಿ ಗಡಿಯೊಳಗೆ ತರುತ್ತಿತ್ತು, ಆ ಬಾಲದಲ್ಲಿದ್ದ ಪತ್ರಗಳು ಕತ್ತರಿಯ ಪಾಲು. ಒಂದೊಂದು ಫೋಲ್ಡರಿನಲ್ಲಿ ಸುಮಾರು 16 ಸಾವಿರ ಪತ್ರ ಮಾತ್ರ ಹಿಡಿಯುತ್ತಿದ್ದ ಹಳೆಯ ಕೋಷ್ಟಕದ ಮಿತಿ ಇದರ ಜೊತೆಗಿನದು.

ಕನ್ನಡ ಬರೆಯುವವರ ಮಟ್ಟಿಗೆ ಈ ಕಡತದ ಕಥೆಗೆ ಇನ್ನೊಂದು ಮುಖವಿದೆ. ಹಳೆಯ ಪಿಎಸ್‌ಟಿ ಅಕ್ಷರಗಳನ್ನು ಆನ್ಸಿ ಎಂದು ಕರೆಯುವ, ಆಯಾ ಭಾಷಾ ವಲಯಕ್ಕೆ ಗೊತ್ತುಪಡಿಸಿದ ಚಿಕ್ಕ ಲಿಪಿಪಟ್ಟಿಯ ಪ್ರಕಾರ ಬರೆದಿಡುತ್ತಿತ್ತು. ಗ್ರೀಕ್, ರಷ್ಯನ್ ಭಾಷೆಗಳಿಗೆ ಅಂತಹ ಪಟ್ಟಿಯಿದ್ದರೂ ಕನ್ನಡಕ್ಕೆ ವಿಂಡೋಸ್ ಅದನ್ನು ಕೊಟ್ಟಿರಲಿಲ್ಲ. ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಮುಂತಾದ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟುಗಳ ಮೂಲಕ ಕೆಲಸ ನಡೆಸಿದ್ದರಿಂದ, ಆ ಫಾಂಟು ಇರುವ ಗಣಕದಲ್ಲಿ ಪತ್ರ ಕನ್ನಡವಾಗಿಯೂ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿಯೂ ಕಾಣುತ್ತಿತ್ತು. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನೊಡನೆ ಯೂನಿಕೋಡ್ ಕನ್ನಡವನ್ನು ತಂದಾಗ, ಪರದೆಯ ಮೇಲೆ ಸರಿಯಾಗಿ ಟೈಪಿಸಿದ ಕನ್ನಡ ವಿಷಯಸಾಲು ಹಳೆಯ ಪಿಎಸ್‌ಟಿಗೆ ಇಳಿದೊಡನೆ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆಯಾಗುತ್ತಿತ್ತು. ಔಟ್‌ಲುಕ್ 2003 ಯೂನಿಕೋಡ್ ಪಿಎಸ್‌ಟಿಯನ್ನು ಪರಿಚಯಿಸಿ ಈ ಎರಡೂ ಕಟ್ಟುಗಳನ್ನು ಒಟ್ಟಿಗೆ ಸಡಿಲಿಸಿತು: ಕಡತದ ಮಿತಿ 20 ಗಿಗಾಬೈಟಿಗೆ ಏರಿತು, ಕನ್ನಡ ಕನ್ನಡವಾಗಿಯೇ ಉಳಿಯಿತು. 2010ರಲ್ಲಿ ಮಿತಿ 50 ಗಿಗಾಬೈಟಾಯಿತು. ಆದರೆ ಹೊಸ ಔಟ್‌ಲುಕ್ ಹಾಕಿದ ಮಾತ್ರಕ್ಕೆ ಹಳೆಯ ಕಡತ ತಾನಾಗಿ ಬದಲಾಗುತ್ತಿರಲಿಲ್ಲ; ಹೊಸ ಬಗೆಯ ಕಡತವೊಂದನ್ನು ಸೃಷ್ಟಿಸಿ ಪತ್ರಗಳನ್ನು ಅದಕ್ಕೆ ಸಾಗಿಸಬೇಕಾಗಿತ್ತು. ಆ ಕೆಲಸ ಮಾಡದೆ ಹಳೆಯ ಕಡತವನ್ನೇ ಗಣಕದಿಂದ ಗಣಕಕ್ಕೆ ನಕಲು ಮಾಡುತ್ತ ಬಂದವರು 2003ಕ್ಕೆ ಮುಂಚಿನ ಗಡಿಯನ್ನೂ ಜೊತೆಯಲ್ಲೇ ಹೊತ್ತುಕೊಂಡು ಬಂದರು. 2013ರ ಗಣಕದಲ್ಲಿ 1997ರ ಮಿತಿ ಎದುರಾಗುವುದು ಹೀಗೆ.

ಮೂರನೆಯ ಪದರದಲ್ಲಿ ಮಿತಿಗಿಂತ ಹೆಚ್ಚಾಗಿ ಕೆಡುಕಿನ ಮಾತು ಬರುತ್ತದೆ. ಇಲ್ಲಿಯೇ ಸೂಚನೆ ಅತ್ಯಂತ ದಾರಿ ತಪ್ಪಿಸುವುದೂ ಹೌದು. ಲೋಡ್ ಶೆಡ್ಡಿಂಗ್ ಕಾಣದ ಕೋಲಾರ ಜಿಲ್ಲೆಯ ಬೇಸಗೆ ಇರಲಿಲ್ಲ. ಯುಪಿಎಸ್‌ನ ಬ್ಯಾಟರಿ ಮುಪ್ಪಾಗಿದ್ದರೆ, ಔಟ್‌ಲುಕ್ ಪತ್ರವನ್ನು ಪಿಎಸ್‌ಟಿಗೆ ಬರೆಯುತ್ತಿದ್ದ ಕ್ಷಣದಲ್ಲಿಯೇ ಗಣಕ ಆರಿಹೋಗಿ ಕಡತ ಅರೆಬರೆಯಾಗುತ್ತದೆ. ಇಂತಹ ಕಡತಗಳಲ್ಲಿ ದತ್ತಾಂಶದ ತುಣುಕಿಗೆ ಮುಂಚೆ ಅದರ ಉದ್ದ ಎಷ್ಟೆಂಬ ಸಂಖ್ಯೆಯನ್ನು ಬರೆಯುವ ಕ್ರಮ ಸಾಮಾನ್ಯ. ನಾಲ್ಕು ಬೈಟಿನ, ಅಂದರೆ 32 ಬಿಟ್‌ಗಳ ಅಂತಹ ಸಂಖ್ಯೆಯೊಂದರಲ್ಲಿ ತುಣುಕಿನ ಉದ್ದ 2,000 ಬೈಟ್ ಎಂದು ಬರೆದಿದೆಯೆಂದು ಇಟ್ಟುಕೊಂಡರೆ, ಅದರ ತುತ್ತತುದಿಯ ಒಂದೇ ಬಿಟ್ ಕೆಟ್ಟು 0 ಇದ್ದುದು 1 ಆದಾಗ ಉದ್ದವು 2,147,485,648 ಬೈಟ್ ಆಗಿಬಿಡುತ್ತದೆ. ಪ್ರೋಗ್ರಾಂ ಅದನ್ನು ನಂಬಿ ಅಷ್ಟು ಮೆಮೊರಿ ಬೇಕೆಂದು ವಿಂಡೋಸ್‌ನ್ನು ಕೇಳುತ್ತದೆ. ಎರಡು ಗಿಗಾಬೈಟಿಗೂ ಮೀರಿದ ಅಖಂಡ ಜಾಗವಿಲ್ಲವೆಂದು ವಿಂಡೋಸ್ ನಿರಾಕರಿಸುತ್ತದೆ. ಕೇಳಿದ ಪದರ ತನ್ನ ಮೇಲಿನ ಪದರಕ್ಕೆ, ಅದು ತನ್ನ ಮೇಲಿನದಕ್ಕೆ, ಮೆಮೊರಿ ಸಿಗಲಿಲ್ಲವೆಂಬ ಸಂಕೇತವನ್ನಷ್ಟೇ ದಾಟಿಸುತ್ತ ಹೋಗಿ ಕೊನೆಗೆ ಪರದೆಯ ಮೇಲೆ ಅದೇ ಒಕ್ಕಣೆ ಬೀಳುತ್ತದೆ. ಇದರಲ್ಲಿ ಯಾರೂ ಸುಳ್ಳಾಡಿಲ್ಲ. ಕೇಳಿದ ಲೆಕ್ಕವೇ ತಪ್ಪೆಂಬುದನ್ನು ಹೇಳಬಲ್ಲವರು ಆ ಸರಪಣಿಯಲ್ಲಿ ಯಾರೂ ಇರಲಿಲ್ಲ, ಅಷ್ಟೇ. ವಿಳಾಸದ ಮೊದಲ ಅಕ್ಷರ ಒತ್ತಿದೊಡನೆ ಉಳಿದದ್ದನ್ನು ತುಂಬಿಕೊಡುತ್ತಿದ್ದ, ಔಟ್‌ಲುಕ್ 2007ರವರೆಗೆ ಪ್ರತ್ಯೇಕವಾಗಿದ್ದ ಚಿಕ್ಕ ಕಡತ ಕೆಟ್ಟರೂ ಇಡೀ ಪ್ರೋಗ್ರಾಂ ಮುಗ್ಗರಿಸುವುದುಂಟು; ಅದರ ಹೆಸರು ಬದಲಿಸಿ ಔಟ್‌ಲುಕ್ ಹೊಸದೊಂದನ್ನು ಕಟ್ಟಿಕೊಳ್ಳುವಂತೆ ಮಾಡಿದರೆ ಸಾಕಾಗುತ್ತಿತ್ತು.

ಪಿಎಸ್‌ಟಿಯನ್ನು ಸರ್ವರಿನ ಹಂಚಿಕೆ ಫೋಲ್ಡರಿನಲ್ಲಿಟ್ಟು ಜಾಲದ ಮೂಲಕ ತೆರೆಯುವ ಪದ್ಧತಿಯನ್ನು ಮೈಕ್ರೋಸಾಫ್ಟ್ ಎಂದೂ ಒಪ್ಪಲಿಲ್ಲ, ಚಿಕ್ಕ ಕಚೇರಿಗಳು ಎಂದೂ ಬಿಡಲಿಲ್ಲ. ಅದರಿಂದ ಸರ್ವರಿನ ಒಳ ಮೆಮೊರಿಯ ಒಂದು ನಿರ್ದಿಷ್ಟ ಭಾಗ ಸವೆಯುವುದಲ್ಲದೆ, ಸರ್ವರಿಗೆ ಹೊಸ ಆ್ಯಂಟಿವೈರಸ್ ಹಾಕಿದ ಮರುದಿನ ಸರ್ವರಿನಲ್ಲಿ ಸಂಗ್ರಹ ಸಾಲದೆಂಬ ಸೂಚನೆ ಎಲ್ಲರ ಪರದೆಯ ಮೇಲೆ ಬರುತ್ತಿತ್ತು. ಸಂಗ್ರಹವೆಂದರೆ ಹಾರ್ಡ್ ಡಿಸ್ಕ್ ಎಂದು ತಿಳಿದು ಹಳೆಯ ಕಡತಗಳನ್ನು ಅಳಿಸಿದವರಿಗೆ ಪ್ರಯೋಜನವಾಗಲಿಲ್ಲ. ಸರ್ವರಿಗೆ ಬರುವ ಪ್ರತಿ ಕೋರಿಕೆ ಎಷ್ಟು ಮಜಲು ದಾಟಬಹುದೆಂದು ನಿಗದಿಪಡಿಸುವ ರಿಜಿಸ್ಟ್ರಿ ಸಂಖ್ಯೆಯೊಂದನ್ನು ಏರಿಸುವುದೇ ಅದರ ಪರಿಹಾರ.

ನರಸಾಪುರದ ಕಾರ್ಖಾನೆಗಳು ಏಳುವ ಹೊತ್ತಿಗೆ ಎದುರಾದದ್ದು ಬೇರೊಂದು ಗೋಡೆ. 2013ರ ಸುಮಾರಿಗೆ ಕೊಂಡ ಗಣಕಗಳಲ್ಲಿ ವಿಂಡೋಸ್ 64 ಬಿಟ್‌ನದಾಗಿದ್ದರೂ ಆಫೀಸ್ ತಂತ್ರಾಂಶ ಸಾಮಾನ್ಯವಾಗಿ 32 ಬಿಟ್‌ನದಾಗಿರುತ್ತಿತ್ತು. 64 ಬಿಟ್ ಆಫೀಸ್ 2010ರಲ್ಲಿಯೇ ಬಂದಿದ್ದರೂ, ಹಳೆಯ ಆ್ಯಡ್-ಇನ್‌ಗಳು, ಅಂದರೆ ಔಟ್‌ಲುಕ್‌ನೊಳಗೆ ಸೇರಿಕೊಂಡು ಕೆಲಸ ಮಾಡುವ ಉಪಪ್ರೋಗ್ರಾಂಗಳು, ಅದರಲ್ಲಿ ನಡೆಯದ ಕಾರಣ 32 ಬಿಟ್ಟನ್ನೇ ಹಾಕಿಕೊಳ್ಳಲು ಮೈಕ್ರೋಸಾಫ್ಟ್ ಬಹುಕಾಲ ಸಲಹೆ ನೀಡುತ್ತಿತ್ತು. 64 ಬಿಟ್ ತಾನಾಗಿ ಸ್ಥಾಪಿತವಾಗುವ ಆಯ್ಕೆಯಾದದ್ದು 2019ರ ಆವೃತ್ತಿಯಿಂದ. 32 ಬಿಟ್ ಪ್ರೋಗ್ರಾಂಗೆ ಸಾಮಾನ್ಯವಾಗಿ ಎಣಿಸಲು ಸಿಗುವ ವಿಳಾಸಗಳು 2 ಗಿಗಾಬೈಟಿನಷ್ಟು ಮಾತ್ರ. ಗಣಕಕ್ಕೆ 16 ಗಿಗಾಬೈಟ್ ಹಾಕಿದರೂ ಆ ಲೆಕ್ಕ ಬದಲಾಗುವುದಿಲ್ಲ. ಆ್ಯಂಟಿವೈರಸ್, ಫ್ಯಾಕ್ಸ್, ಪಿಡಿಎಫ್, ಸಭೆ ನಿಗದಿ ಹೀಗೆ ಒಂದೊಂದು ಆ್ಯಡ್-ಇನ್ ತನ್ನ ಪಾಲನ್ನು ಅಲ್ಲಲ್ಲಿ ಹಿಡಿದುಕೊಂಡು ಆ ವಿಳಾಸಗಳನ್ನು ತುಂಡು ತುಂಡಾಗಿಸಿದಾಗ, ಒಟ್ಟು ಖಾಲಿ ಜಾಗ ಸಾಕಷ್ಟಿದ್ದರೂ ದೊಡ್ಡ ನಕ್ಷೆಯೊಂದನ್ನು ಬಿಚ್ಚಲು ಬೇಕಾದ ಅಖಂಡ ಜಾಗ ಸಿಗುವುದಿಲ್ಲ. ಇಲ್ಲಿ ಮಾತ್ರ ಸೂಚನೆ ಅರ್ಧ ನಿಜ: ಸಾಲದಿರುವುದು ಮೆಮೊರಿಯ ವಿಳಾಸ, ಮೆಮೊರಿಯಲ್ಲ.

ಈ ಪದರಗಳು ಒಂದೇ ಒಕ್ಕಣೆಯ ಹಿಂದೆ ಅಡಗಿದ್ದುದರಿಂದ ದುರಸ್ತಿಯ ಕಸುಬಿನಲ್ಲಿ ಕೆಲವು ಆಚಾರಗಳು ಬೆಳೆದವು. ಸಿಪಿಯು ಪೆಟ್ಟಿಗೆ ಬಿಚ್ಚಿ ರ್‍ಯಾಮ್ ಕಡ್ಡಿಯನ್ನು ಹೊರತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುವುದು ಮೊದಲನೆಯದು. ಗಣಕ ಶುರುವಾಗದೆ ಬೀಪ್ ಎನ್ನುತ್ತಿದ್ದರೆ ಇದು ಒಳ್ಳೆಯ ಮದ್ದಾಗಿದ್ದು, ಔಟ್‌ಲುಕ್‌ನ ದೂರಿಗೂ ಅದನ್ನೇ ಹಚ್ಚಲಾಯಿತು. ಅದು ಫಲಿಸದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ, ಅಂದರೆ ಗಣಕದ ಬಿಡಿಭಾಗಗಳ ದೊಡ್ಡ ಪೇಟೆಯಾದ ಸಾದರ ಪತ್ರಪ್ಪ ರಸ್ತೆಯಿಂದ, ಇನ್ನೊಂದು ಕಡ್ಡಿ ತಂದು ಹಾಕುವುದು. ಅದೂ ಸಾಲದೆ ಹೋದರೆ ಸಿಸ್ಟಂ ಫಾರ್ಮ್ಯಾಟ್ ಹೊಡೆದು ವಿಂಡೋಸ್ ಹೊಸದಾಗಿ ಹಾಕುವುದು. ಫಾರ್ಮ್ಯಾಟಿನಿಂದ ಕೆಲವೊಮ್ಮೆ ಗುಣವಾದದ್ದೂ ನಿಜ, ಆದರೆ ಗುಣವಾದದ್ದು ಕೆಟ್ಟ ಆ್ಯಡ್-ಇನ್ ಅಳಿಸಿಹೋದ್ದರಿಂದ. ಡಿ ಡ್ರೈವಿನಲ್ಲಿ ಜೋಪಾನವಾಗಿ ಉಳಿಸಿದ್ದ ಪಿಎಸ್‌ಟಿಯನ್ನು ಮತ್ತೆ ಜೋಡಿಸಿದಾಗ ದೂರು ಮರಳಿ ಬಂದರೆ, ದೋಷ ಕಡತದೊಳಗಿದೆಯೆಂಬುದು ಆಗಲಾದರೂ ತಿಳಿಯಬೇಕಾಗಿತ್ತು.

ಕ್ರಮಬದ್ಧ ಶೋಧನೆಗೆ ದಾರಿ ಮಾಡಿದ್ದು ನೋಡುವ ಸಾಧನಗಳು. ವಿಂಡೋಸ್‌ನ ಟಾಸ್ಕ್ ಮ್ಯಾನೇಜರಿನಲ್ಲಿ ಸಾಮಾನ್ಯವಾಗಿ ಮುಚ್ಚಿಟ್ಟಿರುವ ಚಿತ್ರವಸ್ತು ಮತ್ತು ವಿಂಡೋವಸ್ತುಗಳ ಎಣಿಕೆಯ ಕಂಬಸಾಲುಗಳನ್ನು ತೆರೆದಿಟ್ಟರೆ, ಔಟ್‌ಲುಕ್‌ನ ಸಾಲಿನಲ್ಲಿ ಸಂಖ್ಯೆ ಗಂಟೆಗಂಟೆಗೂ ಏರುತ್ತ 10,000ದ ಕಡೆಗೆ ಸಾಗುವುದು ಕಣ್ಣಿಗೆ ಕಾಣುತ್ತದೆ. ಮಾರ್ಕ್ ರುಸಿನೋವಿಚ್ ಸಿಸ್‌ಇಂಟರ್ನಲ್ಸ್ ಹೆಸರಿನಲ್ಲಿ ರಚಿಸಿದ ಪ್ರೊಸೆಸ್ ಎಕ್ಸ್‌ಪ್ಲೋರರ್ ಮುಂತಾದ ಉಚಿತ ಉಪಕರಣಗಳು, 2006ರಲ್ಲಿ ಮೈಕ್ರೋಸಾಫ್ಟ್ ಆ ಸಂಸ್ಥೆಯನ್ನು ಕೊಂಡ ಮೇಲೂ ಉಚಿತವಾಗಿಯೇ ಉಳಿದು, ಯಾವ ಪ್ರೋಗ್ರಾಂ ಎಷ್ಟು ವಿಳಾಸ ಹಿಡಿದಿದೆ, ಯಾವ ಕಡತ ತೆರೆದಿದೆ ಎಂಬುದನ್ನು ತೋರಿಸಿಕೊಟ್ಟವು. ಕಂಟ್ರೋಲ್ ಕೀಲಿ ಒತ್ತಿಹಿಡಿದು ಔಟ್‌ಲುಕ್ ತೆರೆದರೆ ಆ್ಯಡ್-ಇನ್‌ಗಳಿಲ್ಲದ ಸೇಫ್ ಮೋಡಿನಲ್ಲಿ ಅದು ಏಳುತ್ತದೆ. ಅಲ್ಲಿ ದೂರು ನಿಂತರೆ ಆ್ಯಡ್-ಇನ್ ಕಾರಣ, ನಿಲ್ಲದಿದ್ದರೆ ಹೊಸ ಪ್ರೊಫೈಲ್ ಕಟ್ಟಿ ನೋಡಬೇಕು, ಅಲ್ಲಿಯೂ ನಿಲ್ಲದಿದ್ದರೆ ಪಿಎಸ್‌ಟಿಯ ನಕಲನ್ನಿಟ್ಟುಕೊಂಡು ದುರಸ್ತಿ ಉಪಕರಣ ಓಡಿಸಬೇಕೆಂಬ ಅನುಕ್ರಮ ಕ್ರಮೇಣ ಕಸುಬಿನವರ ಕೈಗೆ ಹತ್ತಿತು. ಪೆಟ್ಟಿಗೆ ಬಿಚ್ಚುವುದು ಈ ಅನುಕ್ರಮದಲ್ಲಿ ಎಲ್ಲಿಯೂ ಬರುವುದಿಲ್ಲ. ವಾರ್ಷಿಕ ನಿರ್ವಹಣೆಯ ಕರಾರಿನಲ್ಲಿ ಕೆಲಸ ಮಾಡುವವರಿಗೆ ಇದನ್ನು ಮಾಲೀಕರಿಗೆ ಒಪ್ಪಿಸುವುದೇ ಕಷ್ಟ. ಏನೂ ಬದಲಾಯಿಸದೆ, ಬರೀ ಪರದೆ ನೋಡುತ್ತ ಕೂತವರಿಗೆ ಬಿಲ್ ಏಕೆ ಕೊಡಬೇಕೆಂಬ ಪ್ರಶ್ನೆ ಅಲ್ಲಿ ಸಹಜ.

2024ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಎಲ್ಲರ ಬಳಕೆಗೆ ಬಿಟ್ಟ ಹೊಸ ಔಟ್‌ಲುಕ್ ಹೆಸರಿನಲ್ಲಿ ಮಾತ್ರ ಹಳೆಯದರ ಮುಂದುವರಿಕೆ. ಒಳಗೆ ಅದು ಬ್ರೌಸರಿನ ಯಂತ್ರದ ಮೇಲೆ ಓಡುತ್ತದೆ, ಹಳೆಯ ಬಗೆಯ ಆ್ಯಡ್-ಇನ್‌ಗಳನ್ನು ಒಪ್ಪುವುದಿಲ್ಲ, ಆರಂಭದಲ್ಲಿ ಪಿಎಸ್‌ಟಿ ತೆರೆಯುವ ಸೌಲಭ್ಯವೇ ಅದರಲ್ಲಿರಲಿಲ್ಲ. 2025ರ ಅಕ್ಟೋಬರ್ 14ರಂದು ಆಫೀಸ್ 2016 ಮತ್ತು 2019ರ ಬೆಂಬಲ ಕೊನೆಗೊಂಡಿದೆ. ಹೀಗಿದ್ದರೂ ಜಿಎಸ್‌ಟಿ ಕಾಯ್ದೆಯ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಣೆ ಸಲ್ಲಿಸಬೇಕಾದ ದಿನದಿಂದ 72 ತಿಂಗಳು ಕಾಪಾಡಬೇಕಾಗಿದ್ದು, ಬಿಡಿಭಾಗ ಪೂರೈಸುವ ಚಿಕ್ಕ ಕಾರ್ಖಾನೆಗಳಲ್ಲಿ ಆ ಲೆಕ್ಕದ ಹಿಂದಿನ ಒಪ್ಪಿಗೆ, ದರದ ಚೌಕಾಸಿ, ತಿದ್ದಿದ ಆದೇಶಗಳೆಲ್ಲ ಪಿಎಸ್‌ಟಿಯೊಳಗಿನ ಪತ್ರಗಳಲ್ಲಿಯೇ ಇರುವುದರಿಂದ, ಹಳೆಯ ಔಟ್‌ಲುಕ್ ಇರುವ ಗಣಕವೊಂದನ್ನು ಲೆಕ್ಕಪರಿಶೋಧಕರು ಕೇಳಿದಾಗ ತೆರೆದು ತೋರಿಸಲೆಂದು ಮೂಲೆಯಲ್ಲಿ ಉಳಿಸಿಕೊಳ್ಳುವುದು ಇಂತಹ ಕಚೇರಿಗಳಿಗೆ ಅನಿವಾರ್ಯವಾಗಿದೆ.